ಮರ್ಗಿಲಾನಿನ ಮೋಡದ ರೇಷ್ಮೆ

ಮದ್ರಸದಲ್ಲಿ ಹನಫಿ ಫಿಕ್ಹ್ ಕಲಿತವರಿಗೆ 'ಅಲ್ ಹಿದಾಯ' ಗ್ರಂಥ ಗೊತ್ತಿರುತ್ತದೆ. ಕ್ರಿ.ಶ. 1197ರಲ್ಲಿ ನಿಧನರಾದ ಅದರ ಕರ್ತೃ ಬುರ್ಹಾನುದ್ದೀನ್ ಮರ್ಗೀನಾನಿಯವರ ಹೆಸರಿನ ಕೊನೆಯಲ್ಲಿರುವುದು ಒಂದು ಊರು. ಉಝ್ಬೆಕಿಸ್ತಾನದ ಫರ್ಗಾನಾ ಕಣಿವೆಯಲ್ಲಿರುವ ಮರ್ಗಿಲಾನ್. ಅದು ಇಂದಿಗೂ ರೇಷ್ಮೆಯ ಊರು.

ತಾಷ್ಕೆಂಟಿನಿಂದ ನಾನೂ ನನ್ನವರೂ ರೈಲಿನಲ್ಲಿ ಹೊರಟೆವು. 2016ರಲ್ಲಿ ಕಮ್ಚಿಕ್ ಬೆಟ್ಟದಡಿ 19 ಕಿ.ಮೀ. ಉದ್ದದ ಸುರಂಗ ತೆರೆದ ಮೇಲೆ ನೆರೆಯ ದೇಶವನ್ನು ಹಾದುಹೋಗದೆ ಈ ಕಣಿವೆಗೆ ರೈಲು ಬರುತ್ತಿದೆ.

ರಾಮನಗರ, ಶಿಡ್ಲಘಟ್ಟದ ಕಡೆಯ ಸಹೋದರಿಯರಿಗೆ ಇಲ್ಲಿನ ಕಾರ್ಖಾನೆಯ ಮೊದಲ ಕೋಣೆಯ ವಾಸನೆಯನ್ನು ವಿವರಿಸಬೇಕಾಗಿಲ್ಲ. ಬಿಸಿನೀರಿನಲ್ಲಿ ಗೂಡುಗಳು ತೇಲುತ್ತಿದ್ದವು. ತಲೆಗೆ ಸ್ಕಾರ್ಫ್ ಕಟ್ಟಿದ ಹೆಂಗಸೊಬ್ಬರು ಎಳೆ ಬಿಚ್ಚುತ್ತಿದ್ದರು. ಹಿರಿಯ ಹೆಂಗಸರನ್ನು ಅಲ್ಲಿ 'ಓಪಾ' ಎನ್ನುತ್ತಾರೆ. ನಮ್ಮ 'ಆಪಾ' ಅದೇ. ಗುರು 'ಉಸ್ತಾ', ಶಿಷ್ಯ 'ಶಾಗಿರ್ದ್'. ಉರ್ದು ಬಲ್ಲವರಿಗೆ ಅರ್ಧ ಭಾಷೆ ಅಲ್ಲೇ ಸಿಕ್ಕಿಬಿಡುತ್ತದೆ.

ಬೆರಗು ಇರುವುದು ಮುಂದಿನ ಕೋಣೆಯಲ್ಲಿ. ಇಲ್ಲಿ ನೇಯ್ದ ಬಟ್ಟೆಗೆ ಬಣ್ಣ ಹಾಕುವುದಿಲ್ಲ. ನೇಯುವ ಮೊದಲೇ ಹಾಸಿನ ಎಳೆಗಳಿಗೆ ಹಾಕುತ್ತಾರೆ. ಎಳೆಗಳನ್ನು ಬಿಗಿಯಾಗಿ ಹರಡಿ, ಅವುಗಳ ಮೇಲೆ ಒಬ್ಬರು ಇದ್ದಿಲಿನಿಂದ ಗುರುತು ಹಾಕುತ್ತಾರೆ. ಬಣ್ಣ ತಾಗಬಾರದ ಕಡೆಯಲ್ಲೆಲ್ಲ ಇನ್ನೊಬ್ಬರು ದಾರ ಸುತ್ತಿ ಬಿಗಿಯುತ್ತಾರೆ. ಒಂದು ಬಣ್ಣದಲ್ಲಿ ಅದ್ದಿ, ಒಣಗಿಸಿ, ಕಟ್ಟು ಬಿಚ್ಚಿ, ಬೇರೆ ಕಡೆ ಕಟ್ಟಿ ಮತ್ತೊಂದು ಬಣ್ಣ. ಈರುಳ್ಳಿ ಸಿಪ್ಪೆ, ದಾಳಿಂಬೆ ಸಿಪ್ಪೆ, ಮಂಜಿಷ್ಠ, ನೀಲಿ. ಅಡುಗೆಮನೆಯಲ್ಲಿ ನಾವು ಎಸೆಯುವುದೆಲ್ಲ ಅಲ್ಲಿ ಬಂಡವಾಳ. ಎಳೆಗಳು ಚೂರು ಸರಿಯುವುದರಿಂದ ಚಿತ್ರದ ಅಂಚು ಮಸುಕಾಗಿ ಮೋಡದಂತೆ ಕಾಣುತ್ತದೆ. ಆದ್ದರಿಂದಲೇ ಇದಕ್ಕೆ 'ಅಬ್ರ್‌ಬಂದಿ', ಮೋಡ ಕಟ್ಟುವುದು, ಎಂಬ ಹೆಸರು.

ಇದರ ಬಗ್ಗೆ ಅಲ್ಲೊಂದು ಕಥೆಯಿದೆ. ಊರಿನ ಖಾನ್ ಬಡ ನೇಕಾರನೊಬ್ಬನ ಮಗಳನ್ನು ಮದುವೆಯಾಗಲು ಬಯಸಿದನಂತೆ. ಅವಳಿಗಿಂತ ಸುಂದರವಾದುದನ್ನು ಬೆಳಗಾಗುವುದರೊಳಗೆ ತಂದುಕೊಟ್ಟರೆ ಬಿಟ್ಟುಬಿಡುತ್ತೇನೆ ಎಂದನಂತೆ. ತಂದೆ ದಿಕ್ಕು ತೋಚದೆ ನೀರಿನ ದಡದಲ್ಲಿ ಕುಳಿತಾಗ ಮಳೆ ನಿಂತು, ಬಣ್ಣಬಣ್ಣದ ಮೋಡಗಳು ನೀರಿನಲ್ಲಿ ಕಂಡವಂತೆ. ರಾತ್ರಿಯಿಡೀ ಅದನ್ನೇ ನೇಯ್ದು ಮಗಳನ್ನು ಉಳಿಸಿಕೊಂಡ. ಮಗಳ ಅಭಿಪ್ರಾಯವನ್ನು ಖಾನನೂ ಕೇಳಲಿಲ್ಲ, ಕಥೆ ಕಟ್ಟಿದವರೂ ಕೇಳಲಿಲ್ಲ ಎಂದು ನನಗನಿಸಿತು.

ಹಾಸು, ಹೊಕ್ಕು ಎರಡೂ ರೇಷ್ಮೆಯಾದರೆ 'ಅಟ್ಲಸ್'. ಹಾಸು ರೇಷ್ಮೆ, ಹೊಕ್ಕು ಹತ್ತಿಯಾದರೆ 'ಅದ್ರಸ್'. ಗಂಡಸರಿಗೆ ರೇಷ್ಮೆ ನಿಷಿದ್ಧವಾದರೂ, ಹೊಕ್ಕು ಹತ್ತಿಯಾಗಿದ್ದರೆ ತೊಡಬಹುದೆಂಬ ಮಸ್‌ಅಲ 'ಹಿದಾಯ'ದಲ್ಲೇ ಇದೆ. ಪುಸ್ತಕದ ಆ ಸಾಲು ಮರ್ಗೀನಾನಿಯವರ ಊರಿನಲ್ಲಿಯೇ ಬಟ್ಟೆಯಾಗಿ ಕೈಗೆ ಸಿಕ್ಕಿದಾಗ ಆದ ಸಂತೋಷವನ್ನು ಹೇಗೆ ಹೇಳಲಿ!

ಈ ವಿದ್ಯೆ ಉಳಿದದ್ದು ಸುಲಭವಾಗಿಯಲ್ಲ. ಸೋವಿಯತ್ ಆಡಳಿತದಲ್ಲಿ ಮನೆಮಗ್ಗಗಳು ಸಹಕಾರ ಸಂಘ, ಕಾರ್ಖಾನೆಗಳ ಪಾಲಾದವು. 'ಬಖ್ಮಲ್' ಎಂಬ ರೇಷ್ಮೆ ಮಖಮಲ್ಲಿನ ನೇಯ್ಗೆಯಂತೂ ನಿಂತೇಹೋಗಿತ್ತು. 1991ರಲ್ಲಿ ದೇಶ ಸ್ವತಂತ್ರವಾದ ಮೇಲೆ ಉಸ್ತಾ ತುರ್ಗುನ್‌ಬಾಯ್ ಮಿರ್ಝಾಅಹ್ಮದೋವ್ ಮತ್ತು ಅವರ ಮಗ ರಸೂಲ್‌ಜಾನ್ ಅದಕ್ಕೆ ಮರುಜೀವ ಕೊಟ್ಟರು. ಯುವಜನರಿಗೆ ಅಟ್ಲಸ್, ಅದ್ರಸ್ ಕಲಿಸುವ ಮರ್ಗಿಲಾನಿನ ಕರಕುಶಲ ಕೇಂದ್ರವನ್ನು 2017ರಲ್ಲಿ ಯುನೆಸ್ಕೋ ತನ್ನ ಉತ್ತಮ ಸಂರಕ್ಷಣಾ ಕಾರ್ಯಗಳ ಪಟ್ಟಿಗೆ ಸೇರಿಸಿತು.

ಪಕ್ಕದ ರಿಶ್ತಾನಿನ ಕುಂಬಾರರದ್ದೂ ಇದೇ ಹಾದಿ. ಕಾಡುಗಿಡಗಳನ್ನು ಸುಟ್ಟ ಬೂದಿಯಿಂದ ಮಾಡುವ 'ಇಶ್ಕೋರ್' ಎಂಬ ಹೊಳಪು ಲೇಪನ ಕಾರ್ಖಾನೆಯ ಬಣ್ಣಗಳೆದುರು ಮರೆಯಾಗಿತ್ತು. ಉಸ್ತಾಗಳು ಅದನ್ನು ಮತ್ತೆ ಹಿಡಿದರು. ಆ ನೀಲಿ ತಟ್ಟೆಗಳಲ್ಲಿ ಪಲಾವು ಬಡಿಸಿದರೆ ಊಟ ಮುಗಿಯುವವರೆಗೂ ಕಣ್ಣು ತಟ್ಟೆಯ ಮೇಲೆಯೇ.

ಈಗ ಅಪಾಯ ಬರುತ್ತಿರುವುದು ಬಜಾರಿನಿಂದ. ಕುಮ್‌ತೆಪಾ ಸಂತೆಯಲ್ಲಿ ಇದೇ ಮೋಡದ ಚಿತ್ತಾರವನ್ನು ಯಂತ್ರದಲ್ಲಿ ಅಚ್ಚೊತ್ತಿದ ಕೃತಕ ಬಟ್ಟೆ ರಾಶಿ ಬಿದ್ದಿತ್ತು. ಕೈಮಗ್ಗದಲ್ಲಿ ದಿನಕ್ಕೆ ನೇಯಲಾಗುವುದು ಕೆಲವೇ ಮೀಟರ್. ಬೆಲೆಯಲ್ಲಿ ಪೈಪೋಟಿ ಎಲ್ಲಿಂದ ಬಂತು? ನಾವೂ ಮೊದಲು ಕೈಯಿಟ್ಟದ್ದು ಅಗ್ಗದ ರಾಶಿಗೇ. ಪಕ್ಕದಲ್ಲಿದ್ದ ಓಪಾ ಒಬ್ಬರು ಮಾತಾಡದೆ ಬಟ್ಟೆಯನ್ನು ತಿರುವಿ ಹಿಂಬದಿ ತೋರಿಸಿದರು. ಅಲ್ಲಿ ಬಣ್ಣವೇ ಇಳಿದಿರಲಿಲ್ಲ. ಆಮೇಲೆ ತಮ್ಮ ಗಂಟಿನಿಂದ ಅದ್ರಸ್ ತೆಗೆದು ಅದನ್ನೂ ತಿರುವಿದರು. ಎರಡೂ ಬದಿ ಅದೇ ಮೋಡ.

ನನ್ನವರ ಜುಬ್ಬಾಕ್ಕೆಂದು ಅವರಿಂದಲೇ ಕೊಂಡೆವು. ಮಗ್ಗದ ಅಗಲ ಕಿರಿದಾದ್ದರಿಂದ ಎಣಿಸಿದ್ದಕ್ಕಿಂತ ಹೆಚ್ಚು ಮೀಟರ್ ಬೇಕಾಯಿತು.