ಒಂದು ಅಂಕದ ಪ್ರಶ್ನೆ, ಬಿಳಿ ನೆತ್ತರಿನ ಮೀನು

'ಉಷ್ಣತೆ ಹೆಚ್ಚಿದಂತೆ ದ್ರವದಲ್ಲಿ ಅನಿಲದ ವಿಲೀನತೆ ಏನಾಗುತ್ತದೆ?' ಪರೀಕ್ಷೆಯಲ್ಲಿ ಇದು ಒಂದು ಅಂಕದ ಪ್ರಶ್ನೆ. ಮಕ್ಕಳು 'ಕಡಿಮೆಯಾಗುತ್ತದೆ' ಎಂದು ಬರೆಯುತ್ತಾರೆ, ನಾನು ಅಂಕ ಕೊಡುತ್ತೇನೆ. ಅಲ್ಲಿಗೆ ಅವರಿಗೂ ಅದಕ್ಕೂ ಋಣ ತೀರಿತು. 1995ರಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕನಾಗಿ ಸೇರಿದಂದಿನಿಂದ ಈ ಒಂದೇ ಪದದ ಉತ್ತರವನ್ನು ಎಷ್ಟು ಸಾವಿರ ಸಲ ತಿದ್ದಿದ್ದೇನೋ ಲೆಕ್ಕವಿಲ್ಲ. ಈಗ ಕೆಲವು ವರ್ಷಗಳಿಂದ ಮಾತ್ರ ಈ ಸಾಲು ಬಂದಾಗ ಒಂದು ಪೂರ್ತಿ ಪೀರಿಯಡ್ಡು ಅಲ್ಲೇ ನಿಲ್ಲುತ್ತೇನೆ. ಭೂಮಿಯ ಎರಡು ತುದಿಗಳಲ್ಲಿರುವ ಸಾಗರಗಳ ಬದುಕು ಈ ಒಂದು ಸಾಲನ್ನು ನೆಚ್ಚಿಕೊಂಡಿದೆ.

ಸಂಗತಿ ನಮ್ಮ ಅಡುಗೆಮನೆಯಲ್ಲೇ ಇದೆ. ಒಲೆಯ ಮೇಲೆ ನೀರಿಟ್ಟಾಗ ಅದು ಕುದಿಯುವುದಕ್ಕೆ ಬಹಳ ಮುಂಚೆಯೇ ಪಾತ್ರೆಯ ತಳದಲ್ಲಿ, ಅಂಚಿನಲ್ಲಿ ಸಾಸಿವೆ ಕಾಳಿನಂಥ ಗುಳ್ಳೆಗಳು ಕೂರುವುದನ್ನು ನೀವು ನೋಡಿರುತ್ತೀರಿ. ಅದು ಹಬೆಯಲ್ಲ, ನೀರಿನಲ್ಲಿ ಕರಗಿದ್ದ ಗಾಳಿ. ನೀರು ಬಿಸಿಯಾದಂತೆ ಗಾಳಿಗೆ ಅಲ್ಲಿ ಜಾಗವಿಲ್ಲ. ಬಿಸಿಲಲ್ಲಿಟ್ಟ ಸೋಡಾ ಬಾಟಲಿ ತೆರೆದೊಡನೆ ಬುಸ್ಸೆಂದು ಉಕ್ಕುವುದೂ, ತಣ್ಣಗಿನ ಸೋಡಾ ಸಾಧುವಾಗಿರುವುದೂ ಇದೇ ಕಾರಣಕ್ಕೆ. ಸೊನ್ನೆ ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 14.6 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 30 ಡಿಗ್ರಿಗೆ ಬಂದರೆ ಅದು ಸುಮಾರು 7.6 ಮಿಲಿಗ್ರಾಂಗೆ, ಅಂದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಉಪ್ಪುನೀರಿನಲ್ಲಿ ಪ್ರಮಾಣ ಸ್ವಲ್ಪ ಕಡಿಮೆ, ನಿಯಮ ಅದೇ.

ಈಗ ಅಂಟಾರ್ಕ್ಟಿಕಕ್ಕೆ ಹೋಗೋಣ. ಅಲ್ಲಿನ ಕಡಲಿನ ನೀರು ಹೆಪ್ಪುಗಟ್ಟುವುದು ಮೈನಸ್ 1.8 ಡಿಗ್ರಿಯ ಆಸುಪಾಸಿನಲ್ಲಿ. ಅಷ್ಟು ಕೊರೆಯುವ ನೀರಿನಲ್ಲಿ 'ಐಸ್‌ಫಿಶ್' ಎಂಬ ಮೀನುಗಳ ಒಂದು ಕುಟುಂಬವಿದೆ. ಅದರಲ್ಲಿ ಸುಮಾರು 16 ಪ್ರಭೇದಗಳು. ಇವುಗಳ ರಕ್ತ ಕೆಂಪಗಿಲ್ಲ, ನೀರಿನಂತೆ ತಿಳಿಯಾಗಿದೆ. ನಾರ್ವೆಯ ಡಿಟ್ಲೆಫ್ ರುಸ್ತಾದ್ 1920ರ ದಶಕದ ಕೊನೆಯಲ್ಲಿ ಇಂಥ ಮೀನನ್ನು ಹಿಡಿದು ಬೆರಗಾದರು. 1954ರಲ್ಲಿ ಅದೇ ದೇಶದ ಯೋಹಾನ್ ರೂಡ್ ಈ ರಕ್ತದಲ್ಲಿ ಹಿಮೋಗ್ಲೋಬಿನ್ ಇಲ್ಲವೆಂದು ಖಚಿತಪಡಿಸಿದರು. ಬೆನ್ನುಮೂಳೆಯ ಪ್ರಾಣಿಗಳಲ್ಲಿ, ಬೆಳೆದ ಮೇಲೂ ಹಿಮೋಗ್ಲೋಬಿನ್ ಇಲ್ಲದೆ ಬದುಕುವ ಕುಟುಂಬ ಇದೊಂದೇ.

ಇದನ್ನು ಹೇಳಿದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, "ಹಾಗಾದ್ರೆ ಅದಕ್ಕೂ ವಾರಕ್ಕೊಂದು ಕಬ್ಬಿಣದ ಮಾತ್ರೆ ಕೊಡಬೇಕಲ್ವಾ ಸಾರ್?" ಎಂದಳು. ತರಗತಿಯೆಲ್ಲ ನಕ್ಕಿತು. ಪ್ರಶ್ನೆ ಮಾತ್ರ ನಗುವಂಥದ್ದಲ್ಲ. ಹಿಮೋಗ್ಲೋಬಿನ್ ಕಡಿಮೆಯಾದರೆ ನಮಗೆ ಮೆಟ್ಟಿಲು ಹತ್ತುವುದೇ ಕಷ್ಟ. ಅದು ಇಲ್ಲವೇ ಇಲ್ಲದ ಮೀನು ಬದುಕುವುದು ಹೇಗೆ? ಉತ್ತರ ಆ ಒಂದು ಅಂಕದ ಸಾಲಿನಲ್ಲಿದೆ. ನೀರು ಅಷ್ಟು ತಣ್ಣಗಿರುವುದರಿಂದ ಅದರಲ್ಲಿ ಆಮ್ಲಜನಕ ಸಮೃದ್ಧವಾಗಿದೆ. ಅದು ನೇರವಾಗಿ ರಕ್ತದ ದ್ರವದಲ್ಲೇ ಕರಗಿ ಮೈಯೆಲ್ಲ ಹರಿಯುತ್ತದೆ. ಕೆಂಪು ರಕ್ತದ ನೆಂಟರಿಗೆ ಹೋಲಿಸಿದರೆ ಈ ರಕ್ತ ಹೊರುವ ಆಮ್ಲಜನಕ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಆ ಕೊರತೆಯನ್ನು ತುಂಬಲು ದೊಡ್ಡ ಹೃದಯ, ಅಗಲವಾದ ರಕ್ತನಾಳಗಳಿವೆ.

2021ರ ಫೆಬ್ರುವರಿಯಲ್ಲಿ ಜರ್ಮನಿಯ 'ಪೋಲಾರ್‌ಸ್ಟರ್ನ್' ಹಡಗು ವೆಡೆಲ್ ಸಮುದ್ರದ ತಳಕ್ಕೆ ಕ್ಯಾಮೆರಾ ಇಳಿಸಿದಾಗ ಐಸ್‌ಫಿಶ್‌ಗಳ ಗೂಡುಗಳು ಕಂಡವು. ಮುಕ್ಕಾಲು ಮೀಟರ್ ಅಗಲದ ದುಂಡನೆಯ ಗುಳಿ, ಅದರಲ್ಲಿ ಸಾವಿರಕ್ಕೂ ಮಿಕ್ಕಿ ಮೊಟ್ಟೆ, ಹೆಚ್ಚಿನ ಗೂಡುಗಳಲ್ಲಿ ಕಾವಲಿಗೆ ಒಂದು ದೊಡ್ಡ ಮೀನು. ಸುಮಾರು 240 ಚದರ ಕಿಲೋಮೀಟರಿನಲ್ಲಿ ಇಂಥ ಆರು ಕೋಟಿ ಗೂಡುಗಳಿರಬಹುದೆಂದು ವಿಜ್ಞಾನಿಗಳು ಅಂದಾಜು ಮಾಡಿದರು. ಅದುವರೆಗೆ ಅಂಥದ್ದೊಂದು ಊರು ಅಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ!

ಈ ಮೀನಿನ ಸಂಸಾರ ನಡೆಯುತ್ತಿರುವುದು ನೀರು ತಣ್ಣಗಿರುವ ತನಕ. ಅಂಟಾರ್ಕ್ಟಿಕ್ ಪರ್ಯಾಯದ್ವೀಪದ ಪಶ್ಚಿಮಕ್ಕೆ ಬೇಸಿಗೆಯ ಮೇಲ್ಮೈ ನೀರು 20ನೇ ಶತಮಾನದ ಉತ್ತರಾರ್ಧದಲ್ಲೇ ಒಂದು ಡಿಗ್ರಿಗಿಂತ ಹೆಚ್ಚು ಬಿಸಿಯಾಯಿತು. ನೀರು ಬಿಸಿಯಾದಾಗ ಎರಡು ಕೆಲಸ ಒಟ್ಟಿಗೇ ಆಗುತ್ತವೆ. ಕರಗಿರುವ ಆಮ್ಲಜನಕ ಇಳಿಯುತ್ತದೆ. ಮೀನಿನ ಮೈಯ ಚಟುವಟಿಕೆ ಚುರುಕಾಗಿ ಅದಕ್ಕೆ ಬೇಕಾದ ಆಮ್ಲಜನಕ ಏರುತ್ತದೆ. ಆದಾಯ ಇಳಿದು ಖರ್ಚು ಏರಿದ ಮನೆಯ ಪಾಡನ್ನು ತಂದೆತಾಯಿಯರಿಗೆ ನಾನು ವಿವರಿಸಬೇಕಾಗಿಲ್ಲ. ಪ್ರಯೋಗಾಲಯದಲ್ಲಿ ನೀರಿನ ಬಿಸಿ ಏರಿಸುತ್ತ ಹೋದಾಗ ಕೆಂಪು ರಕ್ತದ ನೆಂಟರಿಗಿಂತ ಐಸ್‌ಫಿಶ್‌ಗಳೇ ಬೇಗ ಸೋತಿವೆ.

ಇದೇ ನಿಯಮಕ್ಕೆ ಇನ್ನೊಂದು ಮುಖವಿದೆ. ತಣ್ಣೀರು ಆಮ್ಲಜನಕವನ್ನಷ್ಟೇ ಅಲ್ಲ, ಇಂಗಾಲದ ಡೈಆಕ್ಸೈಡನ್ನೂ ಹೆಚ್ಚಾಗಿ ಕರಗಿಸಿಕೊಳ್ಳುತ್ತದೆ. ನಾವು ಹೊರಬಿಡುವ ಆ ಅನಿಲದಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಸಾಗರಗಳ ಹೊಟ್ಟೆ ಸೇರುತ್ತಿದೆ. ಅಲ್ಲಿ ಅದು ನೀರಿನೊಡನೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಕೈಗಾರಿಕೆಗಳು ಶುರುವಾಗುವ ಮುನ್ನ ಸುಮಾರು 8.2 ಇದ್ದ ಸಾಗರದ ಮೇಲ್ಮೈಯ ಪಿಎಚ್ ಈಗ ಸುಮಾರು 8.1. "ಬರೀ ಸೊನ್ನೆ ಪಾಯಿಂಟ್ ಒಂದು ತಾನೆ ಸಾರ್?" ಎಂದ ಒಬ್ಬ ಹುಡುಗ. ಪಿಎಚ್‌ನಲ್ಲಿ ಒಂದು ಮೆಟ್ಟಿಲು ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ. ಹಾಗಾಗಿ ಈ 0.1 ಎಂದರೆ ಹೈಡ್ರೋಜನ್ ಅಯಾನುಗಳಲ್ಲಿ ಶೇಕಡ 30ರ ಸಮೀಪದ ಏರಿಕೆ. ಸಮುದ್ರ ಇನ್ನೂ ಆಮ್ಲವಾಗಿಲ್ಲ, ಪ್ರತ್ಯಾಮ್ಲವೇ. ಅದು ಸರಿಯುತ್ತಿರುವ ದಿಕ್ಕು ಮಾತ್ರ ಒಳ್ಳೆಯದಲ್ಲ.

ಮೊಟ್ಟೆಯ ಚಿಪ್ಪಿನ ಚೂರನ್ನು ನಿಂಬೆರಸದಲ್ಲಿ ಹಾಕಿ ನೋಡಿ. ಗುಳ್ಳೆಯೆದ್ದು ಚಿಪ್ಪು ಸವೆಯುತ್ತದೆ. ಕಡಲು ನಿಂಬೆರಸವಲ್ಲ, ನಿಜ. ಆದರೆ ಧ್ರುವ ಸಾಗರಗಳಲ್ಲಿ 'ಕಡಲ ಚಿಟ್ಟೆ' ಎಂಬ ಪುಟ್ಟ ಬಸವನಹುಳುಗಳಿವೆ. ರೆಕ್ಕೆಯಂಥ ಪಾದ ಬಡಿಯುತ್ತ ಈಜುವ ಇವುಗಳ ಚಿಪ್ಪು ಗಾಜಿನಷ್ಟು ತೆಳು. ಮೀನುಗಳಿಂದ ತಿಮಿಂಗಿಲಗಳ ತನಕ ಅನೇಕಕ್ಕೆ ಇವು ಆಹಾರ. 2008ರಲ್ಲಿ ದಕ್ಷಿಣ ಸಾಗರದಲ್ಲಿ ಸಂಗ್ರಹಿಸಿದ ಜೀವಂತ ಕಡಲ ಚಿಟ್ಟೆಗಳ ಚಿಪ್ಪನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದು ಅಲ್ಲಲ್ಲಿ ಕರಗಿದ್ದು ಕಂಡಿತು. ಈ ವರದಿ 2012ರಲ್ಲಿ ಪ್ರಕಟವಾಯಿತು.

"ಅವು ಇನ್ನೂ ತಣ್ಣಗಿರೋ ಕಡೆ ಹೋಗಬಹುದಲ್ಲ ಸಾರ್?" ಎನ್ನುವುದು ಮಕ್ಕಳು ಪ್ರತಿ ವರ್ಷ ಕೇಳುವ ಪ್ರಶ್ನೆ. ಒಳ್ಳೆಯ ಪ್ರಶ್ನೆ. ನಾರ್ವೆ ಮತ್ತು ರಷ್ಯಾದ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರದಲ್ಲಿ 2004ರಿಂದ 2012ರವರೆಗೆ ನಡೆದ ಸಮೀಕ್ಷೆಗಳಲ್ಲಿ, ದಕ್ಷಿಣದ ಮೀನುಗಳು ಉತ್ತರಕ್ಕೆ ವಲಸೆ ಬಂದದ್ದು ಕಂಡಿತು. ಬಂದವುಗಳಿಗೆ ಹೊಸ ಊರು ಸಿಕ್ಕಿತು, ಅಲ್ಲಿಯೇ ಹುಟ್ಟಿ ಬೆಳೆದ ಧ್ರುವದ ಮೀನುಗಳು ಇನ್ನೂ ಉತ್ತರಕ್ಕೆ ಸರಿಯಬೇಕಾಯಿತು. ಧ್ರುವದಿಂದಾಚೆ ಉತ್ತರ ಎಂಬುದೇ ಇಲ್ಲ! ದಕ್ಷಿಣದಲ್ಲಿ ಐಸ್‌ಫಿಶ್‌ನ ಹಿಂದೆ ಇಡೀ ಅಂಟಾರ್ಕ್ಟಿಕ ಖಂಡ ಗೋಡೆಯಂತೆ ನಿಂತಿದೆ. ಭೂಪಟ ತೋರಿಸಿ ಇಷ್ಟು ಹೇಳಿದಾಗ ತರಗತಿ ಸುಮ್ಮನಾಗುತ್ತದೆ.

ಆ ಮೌನ ಮನೆಗಳಿಗೂ ಹೋಗುತ್ತದೆ ಎಂದು ನನಗೆ ತಿಳಿದದ್ದು ಪೋಷಕರ ಸಭೆಯಲ್ಲಿ. ಒಬ್ಬ ತಂದೆ ಬಂದು, "ಮೇಷ್ಟ್ರೇ, ನಮ್ಮ ಹುಡುಗ ರಾತ್ರಿ ಊಟಕ್ಕೆ ಕೂತಾಗ, ಆ ಮೀನುಗಳಿಗೆ ಹೋಗೋಕೆ ಜಾಗವೇ ಇಲ್ಲವಂತೆ ಅಂತ ಕಣ್ಣಲ್ಲಿ ನೀರು ಹಾಕಿದ. ಇದೆಲ್ಲ ಪರೀಕ್ಷೆಗೆ ಬರುತ್ತಾ? ಮಕ್ಕಳನ್ನ ಯಾಕೆ ಹೆದರಿಸ್ತೀರಿ?" ಎಂದರು. ಮಾತಿನಲ್ಲಿ ಸಿಟ್ಟಿಗಿಂತ ಅಕ್ಕರೆಯೇ ಹೆಚ್ಚಿತ್ತು.

ನಾನು ಅವರನ್ನು ಬೆಂಚಿನ ಮೇಲೆ ಕೂರಿಸಿ ಎರಡು ಸಂಗತಿ ಹೇಳಿದೆ. ನಾನು ಕೆಲಸಕ್ಕೆ ಸೇರಿದ ವರ್ಷ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 360 ಭಾಗವಿತ್ತು, ಈಗ 420 ದಾಟಿದೆ. ನನ್ನ ಒಬ್ಬನ ಸೇವಾವಧಿಯಲ್ಲೇ ಆದ ಬದಲಾವಣೆ ಇದು. ಇದನ್ನು ಮುಚ್ಚಿಟ್ಟು ಪಾಠ ಮಾಡಿದರೆ ಅದು ವಿಜ್ಞಾನವಾಗುವುದಿಲ್ಲ. ಇನ್ನೊಂದು, ಅದೇ ಅಂಟಾರ್ಕ್ಟಿಕದ ಮೇಲಿನ ಓಝೋನ್ ಪದರದ ರಂಧ್ರದ ಕಥೆ. ಇದು ಭೂಮಿ ಬಿಸಿಯಾಗುವ ವಿಷಯವಲ್ಲ, ಬೇರೆಯದೇ. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅದನ್ನು ಲೋಕಕ್ಕೆ ತಿಳಿಸಿದರು. 1987ರಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳು ಒಪ್ಪಂದಕ್ಕೆ ಬಂದವು. ಫ್ರಿಜ್ಜುಗಳಲ್ಲಿ, ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್‌ಗಳ ತಯಾರಿಕೆ ಹಂತಹಂತವಾಗಿ ನಿಂತಿತು. ಅಲ್ಲಿ ಓಝೋನ್ 2066ರ ಸುಮಾರಿಗೆ 1980ರ ಮಟ್ಟಕ್ಕೆ ಮರಳಬಹುದೆಂದು ತಜ್ಞರು ಅಂದಾಜಿಸಿದ್ದಾರೆ. ಇಂಗಾಲದ ವಿಷಯ ಅಷ್ಟು ಸುಲಭವಲ್ಲ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ನಮ್ಮೆಲ್ಲರ ಬದುಕಿನಲ್ಲಿ ಹಾಸುಹೊಕ್ಕಾಗಿವೆ. ವಿಲೀನತೆಯ ನಿಯಮವನ್ನು ಯಾವ ಸರಕಾರವೂ ತಿದ್ದಲಾರದು. ನೀರು ಎಷ್ಟು ಬಿಸಿಯಾಗಬೇಕು ಎಂಬುದು ಮಾತ್ರ ಇನ್ನೂ ಮನುಷ್ಯರ ಕೈಯಲ್ಲಿದೆ.

ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಹೇಳಿ ಮೇಷ್ಟ್ರೇ, ಬೇಡ ಅನ್ನಲ್ಲ. ಆದ್ರೆ ಮೀನಿನ ಕಥೆ ಹೇಳಿದ ದಿನವೇ ಈ ಓಝೋನ್ ಕಥೆಯನ್ನೂ ಹೇಳಿ. ಒಂದನ್ನೇ ಕೇಳಿಸಿಕೊಂಡು ಮನೆಗೆ ಬರೋದು ಬೇಡ" ಎಂದರು. ಅವರ ಮಾತು ನನಗೆ ಒಪ್ಪಿಗೆಯಾಯಿತು. ಆ ವರ್ಷದಿಂದ ಈ ಪಾಠಕ್ಕೆ ಎರಡು ಪೀರಿಯಡ್ಡು ಇಟ್ಟುಕೊಂಡಿದ್ದೇನೆ, ಎರಡೂ ಒಂದೇ ದಿನ.