ಉಚಿತ ಪ್ರಯಾಣವೂ ಅಚೌರ್ಯವ್ರತವೂ

ಯೂರೋಪಿನ ಲಕ್ಸೆಂಬರ್ಗ್ ಎಂಬ ಪುಟ್ಟ ದೇಶದೊಳಗೆ 2020ರ ಫೆಬ್ರವರಿ 29ರಿಂದ ಬಸ್ಸು, ಟ್ರಾಮು, ರೈಲು ಮೂರೂ ಉಚಿತ, ವಿದೇಶೀಯರಿಗೂ ಹಾಗೆಯೇ. ರೈಲಿನ ಮೊದಲ ದರ್ಜೆಗೆ ಮಾತ್ರ ಟಿಕೆಟ್ ಬೇಕು. ಅದೇ ಹೆಸರಿನ ರಾಜಧಾನಿಯ ಅಗ್ಗದ ವಸತಿಗೃಹದಲ್ಲಿ ತಂಗಿದ್ದ ನಾನು, ಬ್ರೆಡ್ಡು, ಹಣ್ಣುಗಳನ್ನು ಕೈಚೀಲದಲ್ಲಿಟ್ಟುಕೊಂಡು ಉತ್ತರದ ಕ್ಲೆರ್ವೋ ಊರಿಗೆ ಹೊರಟೆ. ಅಲ್ಲಿಯ ಕೋಟೆಯಲ್ಲಿ ಎಡ್ವರ್ಡ್ ಸ್ಟೈಕನ್ ಸಂಯೋಜಿಸಿದ ‘ದಿ ಫ್ಯಾಮಿಲಿ ಆಫ್ ಮ್ಯಾನ್’ ಛಾಯಾಚಿತ್ರ ಪ್ರದರ್ಶನವಿದೆ.

ಮರಳುವಾಗ ಎರಡನೆಯ ದರ್ಜೆ ತುಂಬಿತ್ತು. ಮೊಣಕಾಲು ನೋಯುತ್ತಿತ್ತು. ಮೊದಲ ದರ್ಜೆಯ ಖಾಲಿ ಆಸನದಲ್ಲಿ ಕುಳಿತೆ. ‘ಎಲ್ಲವೂ ಉಚಿತವಲ್ಲವೇ’ ಎಂದು ಮನಸ್ಸು ಸಮಾಧಾನ ಹೇಳಿತು. ಎಟ್ಟೆಲ್‌ಬ್ರುಕ್ ನಿಲ್ದಾಣದವರೆಗೂ ಯಾರೂ ಕೇಳಲಿಲ್ಲ. ಕೇಳಿದವನು ನನ್ನೊಳಗಿನ ವ್ಯಾಪಾರಿ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವು ಅಂಗಡಿಯ ತಕ್ಕಡಿಯ ಬಳಿ ಸುಳಿಯದಂತೆ ಕಾದುಕೊಂಡಿದ್ದವನು, ಪರದೇಶದ ರೈಲಿನಲ್ಲಿ ವಿರುದ್ಧರಾಜ್ಯಾತಿಕ್ರಮಕ್ಕೆ ಜಾರಿದ್ದೆ. ಅವರು ಕೊಟ್ಟದ್ದು ಎರಡನೆಯ ದರ್ಜೆ. ಕೊಡದುದನ್ನು ತೆಗೆದುಕೊಂಡುದು ಅದತ್ತಾದಾನ.

ಎದ್ದುಹೋಗಿ, ನಿಂತೇ ಪ್ರಯಾಣಿಸಿದೆ. ಮರುದಿನ ಮೊದಲ ದರ್ಜೆಯ ಟಿಕೆಟೊಂದನ್ನು ಕೊಂಡು ಎರಡನೆಯ ದರ್ಜೆಯಲ್ಲಿ ಕುಳಿತೆ. ಆ ಚೀಟಿ ಇಂದಿಗೂ ನನ್ನ ಸ್ವಾಧ್ಯಾಯದ ಗ್ರಂಥದೊಳಗಿದೆ. ದಾನವು ದೊಡ್ಡದಾದಷ್ಟೂ ಅದರ ಮೇರೆಯನ್ನು ಕಾಯುವ ಹೊಣೆ ಪಡೆದವನದು.