ನಾಲಿಗೆ ತಡವರಿಸುವ ಜಾಗ

ಕೊರಿಯಾದಲ್ಲಿ ನಾನು ಕಳೆದ ಎರಡು ವರ್ಷಗಳ ಕುರಿತು ಬರೆಯಬೇಕೆಂದು ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುತ್ತಿರುತ್ತಾರೆ. "ಮೇಷ್ಟ್ರೇ, ಇಂಗ್ಲಿಷ್ ಕಲಿಸಲು ಅವರಿಗೆ ಇಂಗ್ಲೆಂಡಿನವರು ಸಿಗಲಿಲ್ಲವೇ?" ಎಂದು ತಮಾಷೆ ಮಾಡುವವರೂ ಉಂಟು. ತಮಾಷೆಯಾದರೂ ಆ ಪ್ರಶ್ನೆಯಲ್ಲಿ ಅರ್ಥವಿದೆ. ಅಲ್ಲಿ ಇಂಗ್ಲಿಷ್ ಸಂಭಾಷಣೆ ಕಲಿಸುವವರಿಗೆ ಕೊಡುವ ವೀಸಾ ಸಾಮಾನ್ಯವಾಗಿ ಏಳು ದೇಶಗಳ ಪ್ರಜೆಗಳಿಗೆ ಮೀಸಲು: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾ. ಆ ಪಟ್ಟಿಯಲ್ಲಿ ಭಾರತವಿಲ್ಲ. ಆದರೆ ಭಾರತ–ಕೊರಿಯಾ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದವು 2010ರ ಜನವರಿ 1ರಂದು ಜಾರಿಗೆ ಬಂದಾಗ, ಇಂಗ್ಲಿಷ್ ಪದವಿಯೂ ಶಿಕ್ಷಕರ ಅರ್ಹತೆಯೂ ಉಳ್ಳ ಭಾರತೀಯರು ಅಲ್ಲಿನ ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಲು ಒಂದು ಕಿರುಬಾಗಿಲು ತೆರೆಯಿತು. 2013ರಲ್ಲಿ, ಐವತ್ತರ ವಯಸ್ಸಿನಲ್ಲಿ, ನಾನು ಆ ಬಾಗಿಲಿನಿಂದ ಒಳಹೊಕ್ಕೆ. ನಮ್ಮ ಶಾಲೆಯವರು ದೊಡ್ಡ ಮನಸ್ಸು ಮಾಡಿ ಎರಡು ವರ್ಷಗಳ ವೇತನರಹಿತ ರಜೆ ಕೊಟ್ಟಿದ್ದರು.

ನನಗೆ ದೊರೆತದ್ದು ಆಂದೋಂಗ್ ಪಟ್ಟಣದ ಸಮೀಪದ ಒಂದು ಮಾಧ್ಯಮಿಕ ಶಾಲೆ. ನಕ್ತೋಂಗ್ ನದಿಯ ದಂಡೆಯ ಈ ಸೀಮೆ ಹಳೆಯ ವಿದ್ಯಾಕೇಂದ್ರಗಳಿಗೆ ಹೆಸರಾದದ್ದು. ಹದಿನಾರನೆಯ ಶತಮಾನದ ಮಹಾವಿದ್ವಾಂಸ ಯಿ ಹ್ವಾಂಗ್ ಅವರ ಸ್ಮರಣೆಗಾಗಿ 1574ರಲ್ಲಿ ಕಟ್ಟಿದ ದೋಸಾನ್ ವಿದ್ಯಾಪೀಠ ಇಲ್ಲಿಯೇ ಇದೆ. ಕೊರಿಯಾದ 1000 ವೊನ್ ನೋಟಿನ ಮೇಲಿರುವುದು ಅವರದೇ ಚಿತ್ರ. ಒಬ್ಬ ಮೇಷ್ಟರ ಮುಖವನ್ನು ದಿನನಿತ್ಯದ ನೋಟಿನ ಮೇಲೆ ಅಚ್ಚು ಹಾಕಿಸಿದ ದೇಶಕ್ಕೆ ಬಂದಿದ್ದೇನೆಂಬ ಸಂತೋಷ ಮೊದಲ ದಿನಗಳ ಚಳಿಯನ್ನು ಎಷ್ಟೋ ಕಡಿಮೆ ಮಾಡಿತು. ಅಲ್ಲಿ ಶಾಲಾ ವರ್ಷ ಆರಂಭವಾಗುವುದು ಮಾರ್ಚಿಯಲ್ಲಿ. ಶಿಕ್ಷಕರ ದಿನ ಮೇ 15. ತಮ್ಮ ಲಿಪಿಯನ್ನು ರೂಪಿಸಿಕೊಟ್ಟ ದೊರೆ ಸೇಜೋಂಗನ ಜನ್ಮದಿನವನ್ನೇ ಅವರು ಶಿಕ್ಷಕರಿಗೆ ಮುಡಿಪಾಗಿಟ್ಟಿದ್ದಾರೆ.

ಊಟದ ಕಷ್ಟವನ್ನು ಮುಚ್ಚಿಡುವುದಿಲ್ಲ. ಶಾಲೆಯ ಊಟದ ಮನೆಯಲ್ಲಿ ಮಕ್ಕಳೂ ಶಿಕ್ಷಕರೂ ಒಟ್ಟಿಗೆ, ಒಂದೇ ಬಗೆಯ ಸ್ಟೀಲ್ ತಟ್ಟೆಗಳಲ್ಲಿ ಉಣ್ಣುತ್ತಾರೆ. ತರಕಾರಿಯೆಂದು ನಂಬಿ ಕೈಹಾಕಿದ ಕಿಮ್ಚಿಯಲ್ಲಿಯೂ ಸಾಮಾನ್ಯವಾಗಿ ಮೀನಿನ ರಸವೋ ಉಪ್ಪು ಹಾಕಿದ ಸೀಗಡಿಯೋ ಇರುತ್ತದೆ. ಸಸ್ಯಾಹಾರಿಯಾದ ನನಗೆ ಅನ್ನ, ಮೊಳಕೆಕಾಳು ಮತ್ತು ಮನೆಯಿಂದ ತಂದ ಚಟ್ನಿಪುಡಿಯೇ ಗತಿಯಾಯಿತು. ವಾರ ಕಳೆಯುವುದರೊಳಗೆ ಅಡುಗೆಯಮ್ಮ ನನ್ನ ತಟ್ಟೆಗೆ ಕೇಳದೆಯೇ ಎರಡು ಸೌಟು ಅನ್ನ ಹೆಚ್ಚಿಗೆ ಬಡಿಸತೊಡಗಿದರು.

ಅಲ್ಲಿ ಬೇರೂರಲು ನನಗೆ ನೆರವಾದದ್ದು ಅವರ ಭಾಷೆ. 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ಹಂಗುಲ್ ಲಿಪಿಯ ಮೂಲ ವ್ಯಂಜನಗಳು ನಾಲಿಗೆ, ತುಟಿ, ಗಂಟಲುಗಳ ಆಕಾರವನ್ನು ಅನುಸರಿಸಿವೆ. ಹುಟ್ಟುವ ಸ್ಥಾನದ ಮೇಲೆ ಅವುಗಳನ್ನು ವಿಂಗಡಿಸಿದ್ದಾರೆ. ಕಂಠ್ಯ, ದಂತ್ಯ, ಓಷ್ಠ್ಯ ಎಂದು ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದ ನಮಗೆ ಇದು ಹೊಸತೇನಲ್ಲ. ವಾಕ್ಯದ ಕ್ರಮವಂತೂ ನಮ್ಮದೇ. 'ನಾನುನ್ ಹಕ್ಯೋಎ ಕಾಯೋ' ಎಂದರೆ 'ನಾನು ಶಾಲೆಗೆ ಹೋಗುತ್ತೇನೆ'. ಕರ್ತೃ ಮೊದಲು, ಕ್ರಿಯಾಪದ ಕೊನೆಗೆ, ವಿಭಕ್ತಿ ನಾಮಪದದ ಬೆನ್ನಿಗೆ. ತಂದೆಯನ್ನು ಮಕ್ಕಳು ಕರೆಯುವುದು 'ಅಪ್ಪಾ' ಎಂದೇ! ಹಿರಿಯರೊಡನೆ ಮಾತಾಡುವಾಗ ಕ್ರಿಯಾಪದದ ರೂಪ ಬದಲಾಗುತ್ತದೆ. 'ಬಾ' ಎನ್ನಬೇಕಾದಲ್ಲಿ ಯಾವುದು, 'ಬನ್ನಿ' ಎನ್ನಬೇಕಾದಲ್ಲಿ ಯಾವುದು ಎಂಬ ವಿವೇಕವನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ಮೂರನೆಯ ತಿಂಗಳಲ್ಲಿ ಒಂದು ನೋವಿನ ಸಂಗತಿ ನಡೆಯಿತು. ತಾಯಿಯೊಬ್ಬರು ಶಾಲೆಗೆ ಫೋನ್ ಮಾಡಿ, ಭಾರತೀಯರ ಉಚ್ಚಾರಣೆ ಮಕ್ಕಳಿಗೆ ಅಂಟಿಕೊಂಡರೆ ಯಾರು ಹೊಣೆ ಎಂದು ಕೇಳಿದರಂತೆ. ನನ್ನೊಡನೆ ಪಾಠ ಮಾಡುತ್ತಿದ್ದ ಕೊರಿಯನ್ ಶಿಕ್ಷಕಿ ಇದನ್ನು ತಲೆ ತಗ್ಗಿಸಿಕೊಂಡು ನನಗೆ ತಿಳಿಸಿದರು. ಇಪ್ಪತ್ತೈದು ವರ್ಷ ಕಲಿಸಿದ ವಿದ್ಯೆ ನನ್ನದಲ್ಲವೆಂದು ಯಾರೋ ಹೇಳಿದಂತಾಯಿತು. ಆ ರಾತ್ರಿ ನಿದ್ರೆ ಬರಲಿಲ್ಲ.

ಆದರೂ ಆ ತಾಯಿಯ ಮೇಲೆ ಸಿಟ್ಟು ನಿಲ್ಲಲಿಲ್ಲ. ಉಚ್ಚಾರಣೆ ಚೆನ್ನಾಗಿರಲೆಂದು ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಬಿಡಿಸಿ ಕಾನ್ವೆಂಟಿಗೆ ಹಾಕುವ ತಂದೆತಾಯಿಗಳನ್ನು ನಮ್ಮೂರಿನಲ್ಲಿ ನಾನು ಕಂಡಿರಲಿಲ್ಲವೇ? ಕೊರಿಯಾದಲ್ಲಿ ನವೆಂಬರಿನಲ್ಲಿ ನಡೆಯುವ ಕಾಲೇಜು ಪ್ರವೇಶ ಪರೀಕ್ಷೆಯ ದಿನ, ಇಂಗ್ಲಿಷ್ ಆಲಿಸುವ ಭಾಗ ನಡೆಯುವಷ್ಟು ಹೊತ್ತು ವಿಮಾನಗಳು ಏರುವುದನ್ನೂ ಇಳಿಯುವುದನ್ನೂ ನಿಲ್ಲಿಸುತ್ತಾರೆ. ಮಕ್ಕಳ ಕಿವಿಗೆ ಬೀಳುವ ಇಂಗ್ಲಿಷಿಗಾಗಿ ಆಕಾಶವನ್ನೇ ಮೌನಗೊಳಿಸುವ ನಾಡಿನಲ್ಲಿ ಒಬ್ಬ ತಾಯಿ ಹೆದರಿದ್ದು ಸಹಜ.

ನಾನು ಮಾಡಬಹುದಾದದ್ದು ಪಾಠವೊಂದೇ. ಕೊರಿಯನ್ ಭಾಷೆಯಲ್ಲಿ ಪದದ ಮೊದಲಲ್ಲಿ ವ್ಯಂಜನಗಳು ಒತ್ತೊತ್ತಾಗಿ ಬರುವುದಿಲ್ಲ. ಸಕಾರದ ಧ್ವನಿಯಲ್ಲಿ ಪದ ಮುಗಿಯುವುದೂ ಇಲ್ಲ. ಆದ್ದರಿಂದ ಮಕ್ಕಳು ನಡುನಡುವೆ ಉಕಾರವನ್ನು ಹೋಲುವ ಒಂದು ಸ್ವರವನ್ನು ಸೇರಿಸಿಬಿಡುತ್ತಾರೆ. 'ಬಸ್' ಅವರ ಬಾಯಲ್ಲಿ 'ಬೊಸು'. ನಮ್ಮ ಬಾಯಲ್ಲಿ 'ಬಸ್ಸು' ಆಗಿಲ್ಲವೇ? 'ಸ್ಕೂಲ್' ಅವರಿಗೆ 'ಸುಕೂಲ್', ನಮ್ಮ ಹಳ್ಳಿಯ ಮಕ್ಕಳಿಗೆ 'ಇಸ್ಕೂಲು'. ಅವರಿಗೂ 'ಫ' ಒಲಿಯದು, ಕಾಫಿ 'ಕೊಪಿ'ಯಾಗುತ್ತದೆ. 'ಇಸ್ಕೂಲು' ತಿದ್ದಲು ನಾನು ಚಪ್ಪಾಳೆ ತಟ್ಟಿಸುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಅದನ್ನೇ ಅಲ್ಲಿಯೂ ಮಾಡಿದೆ. ಬೇಸ್‌ಬಾಲ್ ಆಟದ 'ಸ್ಟ್ರೈಕ್' ಪದಕ್ಕೆ ಮಕ್ಕಳು ಸು-ತು-ರಾ-ಇ-ಕು ಎಂದು ಐದು ಚಪ್ಪಾಳೆ ತಟ್ಟಿದರು. ಒಂದೇ ಚಪ್ಪಾಳೆಯಲ್ಲಿ ಹೇಳಿ ಎಂದೆ. ತರಗತಿಯೆಲ್ಲ ನಗು. ಎರಡು ವಾರಗಳಲ್ಲಿ ಐದು ಎರಡಾಯಿತು. ಕೆಲವರಿಗೆ ಒಂದೂ ಆಯಿತು.

ಪೋಷಕರು ಬಂದು ಹಿಂದೆ ನಿಂತು ಪಾಠ ನೋಡುವ ದಿನವೊಂದು ಅಲ್ಲಿನ ಶಾಲೆಗಳಲ್ಲಿ ಇರುತ್ತದೆ. ಆ ತಾಯಿಯೂ ಬಂದಿದ್ದರು. ಪಾಠ ಮುಗಿದ ಮೇಲೆ ಸಹಶಿಕ್ಷಕಿಯ ಮೂಲಕ ಒಂದೇ ಪ್ರಶ್ನೆ ಕೇಳಿದರು: "ನನ್ನ ಮಗ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆಂದು ಇವರಿಗೆ ಮೊದಲೇ ಹೇಗೆ ಗೊತ್ತಾಯಿತು?" ನನ್ನ ನಾಲಿಗೆಯೂ ಅದೇ ಜಾಗದಲ್ಲಿ ತಡವರಿಸಿತ್ತು, ತಾಯಿ, ಎಂದೆ. ಸಹಶಿಕ್ಷಕಿ ಅದನ್ನು ಕೊರಿಯನ್ನಿಗೆ ತಿರುಗಿಸಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಡು ಬಾಗಿಸಿ ನಮಸ್ಕರಿಸಿ ಹೊರಟರು. ಅವರ ಅಭಿಪ್ರಾಯ ಬದಲಾಯಿತೆಂದು ನಾನು ಹೇಳಲಾರೆ. ಮತ್ತೆ ಫೋನ್ ಬರಲಿಲ್ಲ. ನನ್ನ ಒಪ್ಪಂದ ಇನ್ನೊಂದು ವರ್ಷಕ್ಕೆ ಮುಂದುವರಿಯಿತು.

ಇಂಗ್ಲಿಷನ್ನು ತಾಯ್ನುಡಿಯಾಗಿ ಪಡೆದವರ ಬಾಯಿಂದ ಅದನ್ನು ಕೇಳುವುದು ಮಕ್ಕಳಿಗೆ ಬೇಕು; ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕಷ್ಟಪಟ್ಟು ಕಲಿತವನಿಗೆ ಹಾದಿಯ ಕಲ್ಲುಮುಳ್ಳುಗಳು ಗೊತ್ತಿರುತ್ತವೆ. ಇಂಗ್ಲಿಷ್ ಕಲಿಸಲೆಂದು 1886ರಲ್ಲಿ ಕೊರಿಯಾಕ್ಕೆ ಬಂದ ಅಮೆರಿಕದ ಹೋಮರ್ ಹಲ್ಬರ್ಟ್ ಎಂಬವರು ತಾವೇ ಮೊದಲು ಹಂಗುಲ್ ಕಲಿತು, ಆ ಲಿಪಿಯಲ್ಲಿಯೇ ಮಕ್ಕಳಿಗಾಗಿ ಭೂಗೋಳದ ಪಠ್ಯ ಬರೆದರು. 1905ರಲ್ಲಿ ಕೊರಿಯನ್ ಭಾಷೆಯನ್ನು ನಮ್ಮ ದ್ರಾವಿಡ ಭಾಷೆಗಳೊಡನೆ ಹೋಲಿಸಿ ಒಂದು ವ್ಯಾಕರಣವನ್ನೂ ಪ್ರಕಟಿಸಿದರು. ಆ ನಂಟನ್ನು ಇಂದಿನ ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ. ಆದರೆ ಕಲಿಸಲು ಬಂದವರು ಕಲಿಯಲು ಕುಳಿತರಲ್ಲ, ಆ ಗುಣ ನನಗೆ ಮೆಚ್ಚಿಗೆಯಾಯಿತು. ಅವರ ಸಮಾಧಿ ಸೋಲ್ ನಗರದ ಯಾಂಗ್ಹ್ವಾಜಿನ್‌ನಲ್ಲಿದೆ. ಊರಿಗೆ ಮರಳುವ ಮೊದಲು ಅಲ್ಲಿಗೆ ಹೋಗಿ ಕೈಮುಗಿದು ಬಂದೆ.

ನಿಮ್ಮಲ್ಲಿ ಹಲವರು ಈಗ ದೇಶಾಂತರಗಳಲ್ಲಿ ಇದ್ದೀರಿ. ನಿಮ್ಮ ಇಂಗ್ಲಿಷನ್ನು ಕೇಳಿ ಯಾರಾದರೂ ಹುಬ್ಬೇರಿಸಿದರೆ ಕುಗ್ಗಬೇಡಿ. ಅವರ ಊರಿನ ಮಾತನ್ನು ನಾಲ್ಕು ವಾಕ್ಯವಾದರೂ ಕಲಿಯಿರಿ. ಕೊರಿಯಾಕ್ಕೆ ಹೋಗುವವರಿದ್ದರೆ ಹಂಗುಲ್ ಅಕ್ಷರಗಳನ್ನು ಇಲ್ಲಿಯೇ ಕಲಿತು ಹೊರಡಿ. ನಮಗೆ ಎರಡು ವಾರ ಸಾಕು. ಪೆಟ್ಟಿಗೆಯಲ್ಲಿ ಚಟ್ನಿಪುಡಿಗೂ ಒಂದಿಷ್ಟು ಜಾಗ ಇರಲಿ.